ಎಂಟು ಅಕ್ಷರದ ಕುಣಿಕೆ, ಕೂಡದ ತೊಟ್ಟು: ಶಿಲೀಂಧ್ರಗಳ ಮೈಟೊಕಾಂಡ್ರಿಯದ ಟಿಆರ್‌ಎನ್‌ಎ

ಪ್ರಶ್ನೆ: ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗಾಗಿ ಎರಡು ಶಿಲೀಂಧ್ರಗಳ ಮೈಟೊಕಾಂಡ್ರಿಯ ಡಿಎನ್‌ಎ ಡೌನ್‌ಲೋಡ್ ಮಾಡಿಕೊಂಡು, ಅದರಲ್ಲಿರುವ ಟಿಆರ್‌ಎನ್‌ಎಗಳ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಪುಟ್ಟ ಆರ್‌ಎನ್‌ಎಗಳ) ಚಿತ್ರ ಬಿಡಿಸುತ್ತಿದ್ದೇನೆ. ಬ್ರೆಡ್ ಯೀಸ್ಟ್‌ನ ಒಂದು ಟಿಆರ್‌ಎನ್‌ಎಯಲ್ಲಿ ಆಂಟಿಕೋಡಾನ್ (ಕೋಡಾನ್ ಎಂಬ ಮೂರಕ್ಷರದ ಸಂಕೇತವನ್ನು ಓದುವ ಮೂರು ಅಕ್ಷರ) ಇರುವ ಕುಣಿಕೆಗೆ ಏಳರ ಬದಲು ಎಂಟು ಅಕ್ಷರ ಇವೆ. ಸ್ಪೈಜೆಲ್ಲೋಮೈಸಿಸ್ ಪಂಕ್ಟೇಟಸ್‌ನಲ್ಲಂತೂ ತೊಟ್ಟಿನ ಮೊದಲ ಮೂರು ಜೋಡಿಗಳು ಸರಿಯಾಗಿ ಕೂಡುವುದೇ ಇಲ್ಲ. ಗೈಡ್ ಅವರು "ಸೀಕ್ವೆನ್ಸ್ ತಪ್ಪಿರಬೇಕು, ಇವನ್ನು ಬಿಟ್ಟುಬಿಡಿ" ಅಂದರು. ಮನುಷ್ಯರ ಮೈಟೊಕಾಂಡ್ರಿಯದಲ್ಲಿ ಒಂದು ತೋಳೇ ಇಲ್ಲದ ಟಿಆರ್‌ಎನ್‌ಎ ಇದೆ ಅಂತ ಓದಿದ್ದೆ. ಇವೂ ಅದೇ ಥರದ್ದಾ ಸರ್?

ಉತ್ತರ: ಸೀಕ್ವೆನ್ಸ್, ಅಂದರೆ ಅಕ್ಷರಗಳ ಸಾಲು, ಸರಿಯಾಗಿಯೇ ಇದೆ. ಎರಡನ್ನೂ ಬಿಡಬೇಡಿ. ಮನುಷ್ಯರ ಕಥೆ ಬೇರೆ, ಯೀಸ್ಟ್‌ನದು ಬೇರೆ, ಪಂಕ್ಟೇಟಸ್‌ನದು ಇನ್ನೂ ಬೇರೆ. ಮೂರನ್ನೂ "ಮೈಟೊಕಾಂಡ್ರಿಯ ಅಂದ್ರೆ ಹಾಗೇನೇ, ವಿಚಿತ್ರ" ಅಂತ ಒಂದೇ ಚೀಲಕ್ಕೆ ತುಂಬಿದರೆ ಏನೂ ತಿಳಿಯುವುದಿಲ್ಲ.

ನಿಮ್ಮ ಗೈಡ್ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಇದೇ ತಪ್ಪು ನಾನೂ ಮಾಡಿದ್ದೇನೆ. ಆಗ ಸೀಕ್ವೆನ್ಸ್ ಅಂದರೆ ಕಣ್ಣಿಂದ ಓದುವುದು. ಎಕ್ಸ್‌ರೇ ಫಿಲ್ಮನ್ನು ಲೈಟ್ ಬಾಕ್ಸ್ ಮೇಲೆ ಹಾಸಿ, ಸ್ಕೇಲ್ ಇಟ್ಟು, ಒಬ್ಬರು ಪಟ್ಟಿ ಓದುತ್ತಾ ಹೋಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಯೀಸ್ಟ್‌ನ ಈ ಕುಣಿಕೆ ಬಂದಾಗ ಒಂದು ಅಕ್ಷರ ಜಾಸ್ತಿ ಇತ್ತು. ಒಂದೇ ಪಟ್ಟಿಯನ್ನು ಎರಡು ಸಲ ಓದಿರಬೇಕು ಅಂದುಕೊಂಡು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದೆ. ಏಳು ಬಂದರೆ ಸರಿ, ಎಂಟು ಬಂದರೆ ನನ್ನ ಕಣ್ಣಿನ ತಪ್ಪು, ಅಷ್ಟೇ ಲೆಕ್ಕ. ಮರುವಾರ ಎದುರು ಎಳೆಯ ಫಿಲ್ಮ್ ಬಂತು. ಅದರಲ್ಲೂ ಎಂಟೇ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಹೊಡೆದುಹಾಕಿದ ಗೆರೆ, ಅದರ ಪಕ್ಕ ನಾಚಿಕೆಯಿಂದ ಮತ್ತೆ ಬರೆದ ಅಕ್ಷರ, ಎರಡೂ ಕಾಣುತ್ತವೆ.

ಮೊದಲು ಮಾಮೂಲಿ ಆಕಾರ ಯಾವುದು ಅಂತ ನೋಡೋಣ. ಪುಸ್ತಕಗಳಲ್ಲಿ ಅದನ್ನು ಕ್ಲೋವರ್ ಎಲೆ ಅಂತಾರೆ. ನಮ್ಮಲ್ಲಿ ಕ್ಲೋವರ್ ನೋಡಿದವರು ಕಡಿಮೆ. ಬಿಲ್ವಪತ್ರೆ ಅಂದರೆ ಸಾಕು, ಅಲ್ವಾ? ಕೆಳಗೆ ತೊಟ್ಟು, ಮೇಲೆ ಮೂರು ದಳ. ಟಿಆರ್‌ಎನ್‌ಎಯ ತೊಟ್ಟಿನಲ್ಲಿ ಏಳು ಜೋಡಿ. ಅದರ ಒಂದು ತುದಿಗೆ ಸಿ-ಸಿ-ಎ ಬಾಲ, ಅಮೈನೋ ಆಮ್ಲ ಅಂಟಿಕೊಳ್ಳುವುದು ಅಲ್ಲಿ. ನಡುದಳದಲ್ಲಿ ಐದು ಜೋಡಿಯ ಕಾಂಡ, ಏಳು ಅಕ್ಷರದ ಕುಣಿಕೆ. ಆ ಏಳರಲ್ಲಿ ನಡುವಿನ ಮೂರು ಆಂಟಿಕೋಡಾನ್. ಆಚೀಚೆಯ ದಳಗಳು ಡಿ ತೋಳು ಮತ್ತು ಟಿ ತೋಳು. (ಪತ್ರೆಯನ್ನು ತಲೆಕೆಳಗೆ ಹಿಡಿದರೆ ಪುಸ್ತಕದ ಚಿತ್ರ ಬರುತ್ತದೆ.)

ಈ ಚಿತ್ರ ಹುಟ್ಟಿದ್ದೇ ಯೀಸ್ಟ್‌ನಿಂದ. ರಾಬರ್ಟ್ ಹಾಲಿ ಅವರ ತಂಡ 1965ರಲ್ಲಿ ಯೀಸ್ಟ್‌ನ ಅಲನೀನ್ ಟಿಆರ್‌ಎನ್‌ಎಯ 77 ಅಕ್ಷರಗಳನ್ನು ಓದಿ ಮುಗಿಸಿತು. ಅದನ್ನು ಎಲೆಯ ಹಾಗೆ ಮಡಚಬಹುದು ಅಂತ ತೋರಿಸಿದವರು ಅದೇ ತಂಡದ ಎಲಿಜಬೆತ್ ಕೆಲ್ಲರ್. 1974ರಲ್ಲಿ ಯೀಸ್ಟ್‌ನದೇ ಫಿನೈಲ್‌ಅಲನೀನ್ ಟಿಆರ್‌ಎನ್‌ಎಯ ಹರಳಿನಿಂದ ಅದರ ನಿಜವಾದ ಮೂರು ಆಯಾಮದ ಆಕಾರ ಗೊತ್ತಾಯಿತು. ಅಲೆಕ್ಸಾಂಡರ್ ರಿಚ್ ಮತ್ತು ಆರನ್ ಕ್ಲೂಗ್ ಅವರ ಗುಂಪುಗಳು ಬೇರೆ ಬೇರೆಯಾಗಿ ಆ ಕೆಲಸ ಮಾಡಿದ್ದವು. ಎಲೆ ಚಪ್ಪಟೆಯಾಗಿರುವುದಿಲ್ಲ. ಮಡಚಿಕೊಂಡು ಬಡಗಿಯ ಮೂಲೆಮಟ್ಟದ ಹಾಗೆ ನಿಲ್ಲುತ್ತದೆ. ಒಂದು ತುದಿಯಲ್ಲಿ ಆಂಟಿಕೋಡಾನ್, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ, ನಡುವೆ ಸುಮಾರು 7.5 ನ್ಯಾನೋಮೀಟರ್ ದೂರ. ಡಿ ಕುಣಿಕೆ ಮತ್ತು ಟಿ ಕುಣಿಕೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಜಾಗವೇ ಆ ಮೂಲೆ, ಅಂದರೆ ಮೊಣಕೈ.

ತಮಾಷೆ ನೋಡಿ. ಜಗತ್ತಿನ ಎಲ್ಲ ಪಠ್ಯಪುಸ್ತಕದ ಮಾದರಿ ಚಿತ್ರ ಯೀಸ್ಟ್‌ನದು, ಆದರೆ ಅದು ಯೀಸ್ಟ್‌ನ ಮೈಟೊಕಾಂಡ್ರಿಯದ ಹೊರಗಿನ ಟಿಆರ್‌ಎನ್‌ಎ. ಅದೇ ಜೀವಕೋಶದ ಒಳಗೆ ನೀವು ಈಗ ಎಡವಿರುವ ಎಂಟಕ್ಷರದ ಕುಣಿಕೆ ಕೂತಿದೆ.

ಈಗ ಮನುಷ್ಯರ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಮೈಟೊಕಾಂಡ್ರಿಯ ಡಿಎನ್‌ಎ 16,569 ಜೋಡಿ ಮಾತ್ರ. ಜೀನ್‌ಗಳು ಸಂತೆಗೆ ಹೋಗುವ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿವೆ. 22 ಟಿಆರ್‌ಎನ್‌ಎಗಳಲ್ಲಿ ಒಂದು ಸೆರೀನ್ ಟಿಆರ್‌ಎನ್‌ಎಗೆ ಡಿ ತೋಳೇ ಇಲ್ಲ. ದುಂಡುಹುಳುಗಳಲ್ಲಿ ಟಿ ತೋಳು ಇಲ್ಲದವೇ ಜಾಸ್ತಿ. ಶಿಲೀಂಧ್ರಗಳು ಈ ದಾರಿ ಹಿಡಿಯಲಿಲ್ಲ. ಬ್ರೆಡ್ ಯೀಸ್ಟ್‌ನ ಮೈಟೊಕಾಂಡ್ರಿಯ ಡಿಎನ್‌ಎ ಸುಮಾರು 85,800 ಜೋಡಿ, ಅಂದರೆ ನಮ್ಮದರ ಐದು ಪಟ್ಟು. ಅದರಲ್ಲಿ 24 ಟಿಆರ್‌ಎನ್‌ಎ ಜೀನ್. ಒಟ್ಟಾರೆ ನಾಲ್ಕೂ ಭಾಗ ಇರುವ ಪೂರ್ತಿ ಪತ್ರೆಗಳೇ. ಜಾಗಕ್ಕೆ ಬರವಿಲ್ಲದ ಮನೆಯಲ್ಲಿ ಯಾರೂ ಕೈ ಕತ್ತರಿಸಿಕೊಂಡು ಕೂರುವುದಿಲ್ಲ ಅನ್ನುವುದು ನನ್ನ ಅಂದಾಜು. ಅದೊಂದೇ ಕಾರಣ ಅಂತ ಹೇಳಲಾರೆ.

ಹಾಗಂತ ಹೊರಗಿನ ಟಿಆರ್‌ಎನ್‌ಎಯ ಜೆರಾಕ್ಸ್ ಅಂದುಕೊಳ್ಳಬೇಡಿ. ಯೀಸ್ಟ್‌ನ ಮೈಟೊಕಾಂಡ್ರಿಯ ಡಿಎನ್‌ಎಯಲ್ಲಿ ಜಿ ಮತ್ತು ಸಿ ಸೇರಿ ನೂರಕ್ಕೆ 17ರಷ್ಟು ಮಾತ್ರ. ಟಿಆರ್‌ಎನ್‌ಎ ಜೀನ್‌ಗಳಲ್ಲಿ ಅದು ಸ್ವಲ್ಪ ಜಾಸ್ತಿ ಇರುತ್ತದೆ, ಆದರೂ ಕಾಂಡಗಳ ತುಂಬಾ ಎ-ಯು ಜೋಡಿಗಳೇ. ಜಿ-ಸಿ ನಡುವೆ ಮೂರು ಹೈಡ್ರೋಜನ್ ಬಂಧ, ಎ-ಯು ನಡುವೆ ಎರಡೇ. ಹಾಗಾಗಿ ಹೊಲಿಗೆ ಸಡಿಲ. ಅಕ್ಷರಗಳಿಗೆ ಆಮೇಲೆ ಹಚ್ಚುವ ರಾಸಾಯನಿಕ ಮಾರ್ಪಾಡುಗಳೂ ಹೊರಗಿನವಕ್ಕೆ ಹೋಲಿಸಿದರೆ ಕಡಿಮೆ. ಇಂಥ ಸಡಿಲ ಮಾಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಕೆಲಸ ಕೆಡಬಹುದು. ಮನುಷ್ಯರಲ್ಲಿ ಮೆಲಾಸ್ ಅನ್ನುವ ಕಾಯಿಲೆ ತರುವ ಬದಲಾವಣೆಗಳನ್ನೇ ಯೀಸ್ಟ್‌ನ ಲ್ಯೂಸೀನ್ ಟಿಆರ್‌ಎನ್‌ಎಯಲ್ಲಿ ಮಾಡಿ ನೋಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಯೀಸ್ಟ್‌ನ ಉಸಿರಾಟ ಕೆಟ್ಟಿತು. ಆಗ ಟಿಆರ್‌ಎನ್‌ಎಯನ್ನು ಮುಟ್ಟದೆ, ಅದನ್ನು ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್‌ಗೆ ತಲುಪಿಸುವ ಇಎಫ್-ಟಿಯು ಎಂಬ ಪ್ರೋಟೀನನ್ನು ಜಾಸ್ತಿ ಮಾಡಿದರು. ಯೀಸ್ಟ್ ಸುಧಾರಿಸಿತು. ಈ ಪ್ರಯೋಗವನ್ನು ನೆನಪಿಡಿ. ಟಿಆರ್‌ಎನ್‌ಎಯ ಆಕಾರ ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ಕಾಗದದ ಮೇಲಿನ ಚಿತ್ರ ಅಲ್ಲ, ಅದನ್ನು ಹಿಡಿದು ಕೆಲಸ ಮಾಡಿಸುವ ಪ್ರೋಟೀನ್‌ಗಳು. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ಎಂಟಕ್ಷರದ ಕುಣಿಕೆಗೆ ಬರೋಣ. ನೀವು ನೋಡಿರುವುದು ಥ್ರಿಯೋನೀನ್ ಟಿಆರ್‌ಎನ್‌ಎ, ಆಂಟಿಕೋಡಾನ್ ಯು-ಎ-ಜಿ. ಇದು ಓದುವುದು ಸಿ-ಯು ಇಂದ ಶುರುವಾಗುವ ನಾಲ್ಕು ಕೋಡಾನ್‌ಗಳನ್ನು. ಸಾಮಾನ್ಯವಾಗಿ ಆ ನಾಲ್ಕಕ್ಕೂ ಅರ್ಥ ಲ್ಯೂಸೀನ್. ಬ್ರೆಡ್ ಯೀಸ್ಟ್ ಮತ್ತು ಅದರ ಕೆಲವು ಹತ್ತಿರದ ನೆಂಟರ ಮೈಟೊಕಾಂಡ್ರಿಯದಲ್ಲಿ ಥ್ರಿಯೋನೀನ್. ಈ ಟಿಆರ್‌ಎನ್‌ಎಯ ಜೀನನ್ನು ಲೀ ಮತ್ತು ಟ್ಜಾಗೊಲಾಫ್ ಅವರು 1979ರಲ್ಲೇ ವರದಿ ಮಾಡಿದ್ದರು.

ಎಲ್ಲಿಂದ ಬಂತು ಇದು? ಮಾಮೂಲಿ ಥ್ರಿಯೋನೀನ್ ಟಿಆರ್‌ಎನ್‌ಎಯ ನಕಲು ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಸೀಕ್ವೆನ್ಸ್‌ಗಳನ್ನು ಸಾಲಾಗಿ ಇಟ್ಟು ನೋಡಿದಾಗ, 2011ರಲ್ಲಿ, ಅದರ ಹತ್ತಿರದ ನೆಂಟ ಹಿಸ್ಟಿಡೀನ್ ಟಿಆರ್‌ಎನ್‌ಎ ಅಂತ ಗೊತ್ತಾಯಿತು. ಯೀಸ್ಟ್‌ನ ಹಿರೀಕರಲ್ಲಿ ಸಿ-ಯು ಕೋಡಾನ್‌ಗಳನ್ನು ಓದುತ್ತಿದ್ದ ಲ್ಯೂಸೀನ್ ಟಿಆರ್‌ಎನ್‌ಎ ಕಳೆದುಹೋಯಿತು. ಆ ಖಾಲಿ ಕುರ್ಚಿಗೆ ಹಿಸ್ಟಿಡೀನ್ ಟಿಆರ್‌ಎನ್‌ಎಯ ಒಂದು ಪ್ರತಿ ಬಂದು ಕೂತಿತು. ಬರುವಾಗ ಆಂಟಿಕೋಡಾನ್ ಬದಲಾಯಿತು, ಕುಣಿಕೆಗೆ ಒಂದು ಅಕ್ಷರ ಹೆಚ್ಚಾಯಿತು, ಹೊರುವ ಸಾಮಾನೂ ಬದಲಾಗಿ ಥ್ರಿಯೋನೀನ್ ಆಯಿತು. ಆಶ್‌ಬ್ಯಾ ಗಾಸಿಪಿ ಎಂಬ ಹತ್ತಿರದ ಶಿಲೀಂಧ್ರದಲ್ಲಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಇದೇ ವಂಶದ ಟಿಆರ್‌ಎನ್‌ಎ ಅಲನೀನ್ ಹೊರುತ್ತದೆ. ಕೋಡಾನ್ ಅದೇ ಥರದ್ದು, ಸಾಮಾನು ಮೂರು ಥರ!

ಒಂದು ಅಕ್ಷರ ಜಾಸ್ತಿ ಆದರೆ ಏನಾಗಬೇಕಿತ್ತು? ಬ್ಯಾಕ್ಟೀರಿಯಾದಲ್ಲಿ ಉತ್ತರ ಗೊತ್ತಿದೆ. 1973ರಲ್ಲಿ ರಿಡಲ್ ಮತ್ತು ಕಾರ್ಬನ್ ಅವರು ಸಾಲ್ಮೊನೆಲ್ಲಾದ ಒಂದು ಗ್ಲೈಸೀನ್ ಟಿಆರ್‌ಎನ್‌ಎಯಲ್ಲಿ ಹೀಗೇ ಎಂಟಕ್ಷರದ ಕುಣಿಕೆ ಕಂಡರು. ಅದು ರೈಬೋಸೋಮ್‌ನ ಲೆಕ್ಕವನ್ನೇ ತಪ್ಪಿಸುತ್ತಿತ್ತು. ಮೂರರ ಬದಲು ನಾಲ್ಕು ಅಕ್ಷರ ಮುಂದಕ್ಕೆ ಎಳೆದುಬಿಡುತ್ತಿತ್ತು. ಯೀಸ್ಟ್‌ನದು ಹಾಗೆ ಮಾಡುವುದಿಲ್ಲ, ಮೂರೇ ಓದುತ್ತದೆ. ಅಮೈನೋ ಆಮ್ಲ ಅಂಟಿಸುವ ಎಂಎಸ್‌ಟಿ1 ಎಂಬ ಕಿಣ್ವವೂ ಈ ಕುಣಿಕೆಗೆ ಒಗ್ಗಿಕೊಂಡಿದೆ. ಮಾಮೂಲಿ ಥ್ರಿಯೋನೀನ್ ಟಿಆರ್‌ಎನ್‌ಎಯನ್ನೂ ಇದನ್ನೂ ಅದೊಂದೇ ಕಿಣ್ವ ನೋಡಿಕೊಳ್ಳುತ್ತದೆ, ಆದರೆ ಎರಡನ್ನೂ ಗುರುತಿಸುವ ರೀತಿ ಬೇರೆ. ಸಾಲ್ಮೊನೆಲ್ಲಾದಲ್ಲಿ ದೋಷ ಅನ್ನಿಸಿಕೊಂಡ ಎಂಟನೇ ಅಕ್ಷರ ಇಲ್ಲಿ ಗುರುತಿನ ಚೀಟಿಯಾಗಿದೆ.

ಇಲ್ಲಿ ಒಂದು ಗೊಂದಲ ತೆಗೆದುಬಿಡುತ್ತೇನೆ, ವೈವಾದಲ್ಲಿ ಬರುವ ಪ್ರಶ್ನೆ ಇದು. ಕ್ಯಾಂಡಿಡಾದಲ್ಲಿ ಸಿ-ಯು-ಜಿ ಕೋಡಾನ್‌ಗೆ ಸೆರೀನ್ ಬರುತ್ತದೆ ಅಂತ ಓದಿರುತ್ತೀರಿ. ಅದು ನ್ಯೂಕ್ಲಿಯಸ್‌ನ ಜೀನ್‌ಗಳ ಕಥೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದೇ ಟಿಆರ್‌ಎನ್‌ಎ ನಾಲ್ಕು ಕೋಡಾನ್ ಹೇಗೆ ಓದುತ್ತದೆ ಅಂತಲೂ ಕೇಳುತ್ತೀರಿ. ಅದನ್ನು ಮೊದಲು ಬಿಡಿಸಿ ಹೇಳಿದ್ದರಲ್ಲಿ ನ್ಯೂರೋಸ್ಪೋರಾ ಕ್ರಾಸಾ ಎಂಬ ಕಿತ್ತಳೆ ಬಣ್ಣದ ಬೂಷ್ಟಿನ ಪಾಲು ದೊಡ್ಡದು. ಹಿಂದೆ ಹರಗೋಬಿಂದ್ ಖೊರಾನಾ ಅವರ ಜೊತೆ ಕೆಲಸ ಮಾಡಿದ್ದ ಉತ್ತಮ್ ರಾಜಭಂಡಾರಿ ಮತ್ತು ಅವರ ತಂಡ ಎಂಐಟಿಯಲ್ಲಿ 1978ರಿಂದ 1980ರ ಹೊತ್ತಿಗೆ ಅದರ ಮೈಟೊಕಾಂಡ್ರಿಯದ ಟಿಆರ್‌ಎನ್‌ಎಗಳನ್ನು ಒಂದೊಂದಾಗಿ ಓದಿದರು. ನಾಲ್ಕು ಕೋಡಾನ್‌ಗೂ ಒಂದೇ ಅಮೈನೋ ಆಮ್ಲ ಇರುವ ಕಡೆ ಆಂಟಿಕೋಡಾನ್‌ನ ಮೊದಲ ಅಕ್ಷರ ಬರೀ ಯು. ಅದಕ್ಕೆ ಏನೂ ಹಚ್ಚಿಲ್ಲ, ಹಾಗಾಗಿ ನಾಲ್ಕರ ಜೊತೆಗೂ ಹೊಂದಿಕೊಂಡು ಹೋಗುತ್ತದೆ. ಎರಡೇ ಕೋಡಾನ್ ಓದಬೇಕಾದ ಕಡೆ ಅದೇ ಯುಗೆ ಒಂದು ರಾಸಾಯನಿಕ ಗುಂಪು ಅಂಟಿಸಿ ಅದರ ಸಡಿಲ ಕಡಿಮೆ ಮಾಡಿರುತ್ತದೆ. ಮಾಮೂಲಿ ಲೆಕ್ಕದಲ್ಲಿ ಎಲ್ಲ ಕೋಡಾನ್ ಓದಲು ಕನಿಷ್ಠ 32 ಟಿಆರ್‌ಎನ್‌ಎ ಬೇಕು. ಮೈಟೊಕಾಂಡ್ರಿಯ ಇಪ್ಪತ್ತೆರಡು, ಇಪ್ಪತ್ತನಾಲ್ಕರಲ್ಲಿ ಸಂಸಾರ ತೂಗಿಸುವುದು ಹೀಗೆ.

(ನ್ಯೂರೋಸ್ಪೋರಾ ನಮ್ಮವರಿಗೆ ದೂರದ್ದಲ್ಲ. ಬೆಂಕಿ ಹಾಕಿದ ಕಬ್ಬಿನ ಗದ್ದೆಯಲ್ಲಿ ಕೂಳೆಗಳ ಮೇಲೆ ಕಿತ್ತಳೆ ಪುಡಿ ಕಂಡಿದ್ದರೆ ಅದು ಇದರದೇ ಕುಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಮೇಶ್ ಮಹೇಶ್ವರಿ ಅವರು ಕಬ್ಬಿನ ಗದ್ದೆಯ ನ್ಯೂರೋಸ್ಪೋರಾದ ಬಾಳನ್ನೇ ಹಿಂಬಾಲಿಸಿ ಅಧ್ಯಯನ ಮಾಡಿದವರು.)

ಈಗ ಪಂಕ್ಟೇಟಸ್. ಇದು ನನಗೆ ಹೆಚ್ಚು ಇಷ್ಟದ್ದು.

ಸ್ಪೈಜೆಲ್ಲೋಮೈಸಿಸ್ ಪಂಕ್ಟೇಟಸ್ ಕೈಟ್ರಿಡ್ ಗುಂಪಿನ ಶಿಲೀಂಧ್ರ. ಅದರ ಮೈಟೊಕಾಂಡ್ರಿಯದಲ್ಲಿ ಟಿಆರ್‌ಎನ್‌ಎ ಜೀನ್ ಎಂಟೇ ಎಂಟು. ಎಂಟರಲ್ಲೂ ತೊಟ್ಟಿನ ಮೊದಲ ಮೂರು ಜೋಡಿಯ ಜಾಗದಲ್ಲಿ ಎಲ್ಲೋ ಒಂದು ಕಡೆ ಹೊಂದಾಣಿಕೆ ತಪ್ಪಿರುತ್ತದೆ. ತಪ್ಪು ಓದಿದ್ದೇ ಆಗಿದ್ದರೆ ಚೆಲ್ಲಾಪಿಲ್ಲಿಯಾಗಿ ಇರಬೇಕಿತ್ತು. ಎಂಟೂ ಕಡೆ ಅದೇ ಮೂರು ಜಾಗದಲ್ಲಿ ಬರುತ್ತದೆ ಅಂದರೆ ಸುಮ್ನೆ ಬಂದದ್ದಲ್ಲ.

ಲಾಫರೆಸ್ಟ್, ರೋವರ್ ಮತ್ತು ಲ್ಯಾಂಗ್ 1997ರಲ್ಲಿ ಜೀನ್ ಬಿಟ್ಟು ಟಿಆರ್‌ಎನ್‌ಎಯನ್ನೇ ಓದಿದರು. ಅದರಲ್ಲಿ ತೊಟ್ಟು ಸರಿಯಾಗಿ ಜೋಡಿಯಾಗಿತ್ತು! ಅಂದರೆ ಜೀನ್‌ನಿಂದ ಪ್ರತಿ ತೆಗೆದ ಮೇಲೆ ಜೀವಕೋಶ ಅದನ್ನು ತಿದ್ದುತ್ತದೆ. ಆರ್‌ಎನ್‌ಎ ಎಡಿಟಿಂಗ್ ಅಂದರೆ ಇದೇ. ಅಕಾಂತಮೀಬಾ ಎಂಬ ಅಮೀಬಾದ ಮೈಟೊಕಾಂಡ್ರಿಯದಲ್ಲಿ ಇದೇ ಥರದ ತಿದ್ದುಪಡಿಯನ್ನು ಲೋನರ್ಗನ್ ಮತ್ತು ಗ್ರೇ 1993ರಲ್ಲಿ ಕಂಡಿದ್ದರು. ಆ ಅಮೀಬಾ ಶಿಲೀಂಧ್ರಗಳ ಹತ್ತಿರದ ನೆಂಟ ಅಲ್ಲ, ಆದರೂ ಇಬ್ಬರ ಮನೆಯಲ್ಲೂ ಒಂದೇ ರಿಪೇರಿ.

ತಿದ್ದುವ ಕ್ರಮ ನೋಡಿ. ಆರ್‌ಎನ್‌ಎ ಎಳೆಯ ಶುರುವಿನ ತುದಿಯನ್ನು 5', ಕೊನೆಯ ತುದಿಯನ್ನು 3' ಅಂತ ಕರೆಯುತ್ತಾರೆ. ತೊಟ್ಟಿಗೆ ಎರಡು ಬದಿ. ಒಂದು ಬದಿ ಸರಿ, ಅಂದರೆ ಸಿ-ಸಿ-ಎ ಬಾಲ ಇರುವ 3' ಬದಿ. ಕೆಟ್ಟಿರುವುದು 5' ಬದಿ. ಲೆಕ್ಕಕ್ಕೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಜೀನ್ ಪ್ರಕಾರ 5' ಬದಿಯ 1, 2, 3ನೇ ಅಕ್ಷರಗಳು ಎ, ಯು, ಎ. ಅವುಗಳ ಎದುರು ಕ್ರಮವಾಗಿ ಸಿ, ಎ, ಸಿ. ಯು-ಎ ಕೂಡುತ್ತದೆ. ಎ ಮತ್ತು ಸಿ ಕೂಡುವುದಿಲ್ಲ. ಕೆಟ್ಟ ಬದಿಯ ಅಕ್ಷರಗಳನ್ನು ಕಿತ್ತುಹಾಕಿ, ಎದುರು ಬದಿಯನ್ನು ಅಚ್ಚಾಗಿ ಇಟ್ಟುಕೊಂಡು ಹೊಸದಾಗಿ ಜಿ, ಯು, ಜಿ ಕೂರಿಸಲಾಗುತ್ತದೆ. ಬರೀ ಬೇಡದ್ದನ್ನು ಬದಲಿಸುವ ಕೆಲಸ ಅಲ್ಲ, ಹರಿದ ಅಂಚನ್ನು ಬಿಚ್ಚಿ ಮತ್ತೆ ಹೊಲಿಯುವ ಕೆಲಸ.

ಇದರಲ್ಲಿ ನಿಜವಾದ ಅಚ್ಚರಿ ದಿಕ್ಕಿನದು. ನಮಗೆ ಗೊತ್ತಿರುವ ಡಿಎನ್‌ಎ, ಆರ್‌ಎನ್‌ಎ ಪಾಲಿಮರೇಸ್‌ಗಳೆಲ್ಲ (ಅಕ್ಷರ ಜೋಡಿಸಿ ಎಳೆ ಕಟ್ಟುವ ಕಿಣ್ವಗಳು) 5'ರಿಂದ 3' ಕಡೆಗೆ ಕಟ್ಟುತ್ತವೆ. ಇಲ್ಲಿ ಅಕ್ಷರ ಸೇರಬೇಕಾಗಿರುವುದು 5' ತುದಿಗೆ, ಅಂದರೆ ಉಲ್ಟಾ. ಆ ಕೆಲಸ ಮಾಡುವ ಕಿಣ್ವಗಳ ಮನೆತನದ ಹೆಸರು ಟಿಎಚ್‌ಜಿ1. ಬ್ರೆಡ್ ಯೀಸ್ಟ್‌ನಲ್ಲಿ ಆ ಕಿಣ್ವವನ್ನು 2003ರಲ್ಲಿ ಗುರುತಿಸಿದರು. ಅಲ್ಲಿ ಅದರ ಕೆಲಸ ಏನು ಗೊತ್ತಾ? ಹಿಸ್ಟಿಡೀನ್ ಟಿಆರ್‌ಎನ್‌ಎಯ 5' ತುದಿಗೆ ಒಂದು ಜಿ ಸೇರಿಸುವುದು. ಅದು ಇಲ್ಲದಿದ್ದರೆ ಹಿಸ್ಟಿಡೀನ್ ಅಂಟಿಸುವ ಕಿಣ್ವ ಆ ಟಿಆರ್‌ಎನ್‌ಎಯನ್ನು ಸರಿಯಾಗಿ ಗುರುತಿಸುವುದಿಲ್ಲ. ಕೈಟ್ರಿಡ್‌ನಲ್ಲಿ ಅದರದೇ ಸೋದರ ಕಿಣ್ವಗಳು ತೊಟ್ಟು ರಿಪೇರಿಗೆ ನಿಂತಿವೆ.

ಇಲ್ಲಿ ಮೊದಲು ಬಂದದ್ದು ರಿಪೇರಿ ಅಂಗಡಿಯೋ, ಹರುಕು ಬಟ್ಟೆಯೋ? ರಿಪೇರಿಯೇ ಮೊದಲು ಅನ್ನುವವರ ಪಕ್ಷ ನನ್ನದು. ತೊಟ್ಟು ಕೂಡದ ಟಿಆರ್‌ಎನ್‌ಎ ಒಂದು ದಿನವೂ ನಡೆಯುವುದಿಲ್ಲ, ಹಾಗಾಗಿ ಹರಿದ ಮೇಲೆ ದರ್ಜಿಯನ್ನು ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ತಿದ್ದುವವರು ಮೊದಲೇ ಮನೆಯಲ್ಲಿ ಇದ್ದರೆ ಜೀನ್‌ನಲ್ಲಿ ತಪ್ಪು ಸೇರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗೇ ತಪ್ಪುಗಳು ಕೂಡಿಕೊಳ್ಳುತ್ತಾ ಹೋಗುತ್ತವೆ.

ಎಂಟೇ ಟಿಆರ್‌ಎನ್‌ಎಯಲ್ಲಿ ಪ್ರೋಟೀನ್ ಕಟ್ಟಲು ಆಗುವುದಿಲ್ಲ ಅಂತ ನಿಮಗೆ ಹೊಳೆದಿರಬೇಕು. ಉಳಿದವು ಹೊರಗಿನಿಂದ ಬರಬೇಕು. ಹೊರಗಿನ ಟಿಆರ್‌ಎನ್‌ಎ ಒಳಗೆ ಬರುತ್ತದೆ ಅನ್ನುವುದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ ಮತ್ತೆ ಯೀಸ್ಟ್‌ನದೇ. 1979ರಿಂದ ಗೊತ್ತಿರುವ ಸಂಗತಿ: ಯೀಸ್ಟ್‌ನ ಹೊರಗಿನ ಒಂದು ಲೈಸೀನ್ ಟಿಆರ್‌ಎನ್‌ಎಯ ಸ್ವಲ್ಪ ಭಾಗ ಮೈಟೊಕಾಂಡ್ರಿಯದೊಳಗೆ ಹೋಗುತ್ತದೆ. ಅದನ್ನು ಕರೆದೊಯ್ಯುವುದರಲ್ಲಿ ಇನೊಲೇಸ್ ಎಂಬ, ಗ್ಲೂಕೋಸ್ ಒಡೆಯುವ ದಾರಿಯ ಕಿಣ್ವವೂ ಕೈ ಹಾಕುತ್ತದೆ. ಮೈಟೊಕಾಂಡ್ರಿಯದಲ್ಲಿ ತನ್ನದೇ ಲೈಸೀನ್ ಟಿಆರ್‌ಎನ್‌ಎ ಇದ್ದರೂ 37 ಡಿಗ್ರಿ ಸೆಕೆಯಲ್ಲಿ ಅದು ಎ-ಎ-ಜಿ ಕೋಡಾನನ್ನು ಸರಿಯಾಗಿ ಓದಲಾರದು, ಆಗ ಈ ನೆಂಟ ಬೇಕಾಗುತ್ತಾನೆ.

ಪ್ರೋಟೀನ್‌ಗಳು ಆಕಾರವನ್ನು ಹಿಡಿದು ನಡೆಸುತ್ತವೆ ಅಂದೆನಲ್ಲ, ನ್ಯೂರೋಸ್ಪೋರಾದ ಸಿವೈಟಿ-18 ಅದರ ಇನ್ನೊಂದು ಮುಖ. ಅದು ಟೈರೋಸೀನ್ ಟಿಆರ್‌ಎನ್‌ಎಗೆ ಅಮೈನೋ ಆಮ್ಲ ಅಂಟಿಸುವ ಕಿಣ್ವ. ಅದೇ ಕಿಣ್ವ ಇಂಟ್ರಾನ್‌ಗಳನ್ನು (ಜೀನ್‌ನ ನಡುವೆ ಇದ್ದು, ಆರ್‌ಎನ್‌ಎಯಿಂದ ತೆಗೆದುಹಾಕಬೇಕಾದ ತುಂಡುಗಳನ್ನು) ಕತ್ತರಿಸುವುದಕ್ಕೂ ಬೇಕು ಅಂತ ಏಕಿನ್ಸ್ ಮತ್ತು ಲ್ಯಾಂಬೊವಿಟ್ಜ್ 1987ರಲ್ಲಿ ತೋರಿಸಿದರು. ಇಂಟ್ರಾನ್‌ನ ಮಡಿಕೆ ಟಿಆರ್‌ಎನ್‌ಎ ಥರ ಕಾಣುತ್ತದೆ, ಅದಕ್ಕೇ ಕಿಣ್ವ ಮೋಸ ಹೋಗಿ ಹಿಡಿಯುತ್ತದೆ ಅಂತ ಎಲ್ಲರೂ ಪಾಠ ಮಾಡುತ್ತಿದ್ದೆವು. 2008ರಲ್ಲಿ ಎರಡೂ ಸೇರಿದ ಹರಳಿನ ರಚನೆ ಬಂತು. ಕಿಣ್ವ ಟಿಆರ್‌ಎನ್‌ಎಯನ್ನು ಹಿಡಿಯುವ ಜಾಗ ಬೇರೆ, ಇಂಟ್ರಾನ್ ಹಿಡಿಯುವ ಜಾಗ ಬೇರೆ! ನಾನು ಹಳೆಯ ಪಾಠದ ಸ್ಲೈಡ್ ತೆಗೆದುಹಾಕಬೇಕಾಯಿತು.

ಇನ್ನು ನಿಮ್ಮ ಪ್ರಾಜೆಕ್ಟ್. ಮೊದಲು ಕೋಡಾನ್ ಪಟ್ಟಿ ಸರಿ ಇದೆಯಾ ನೋಡಿಕೊಳ್ಳಿ. ಎನ್‌ಸಿಬಿಐ ಎಂಬ ಅಮೆರಿಕದ ಸೀಕ್ವೆನ್ಸ್ ಭಂಡಾರದಲ್ಲಿ ಬೂಷ್ಟುಗಳ ಮೈಟೊಕಾಂಡ್ರಿಯಕ್ಕೆ 4ನೇ ಪಟ್ಟಿ, ಬ್ರೆಡ್ ಯೀಸ್ಟ್‌ಗೆ 3ನೇ ಪಟ್ಟಿ. ಪಂಕ್ಟೇಟಸ್‌ಗೆ ಈ ಎರಡೂ ಅಲ್ಲ, 16ನೇ ಪಟ್ಟಿ ಹಾಕಬೇಕು. ಅಲ್ಲಿ ಯು-ಎ-ಜಿ ಅಂದರೆ ಲ್ಯೂಸೀನ್, ನಿಲ್ಲು ಅಂತ ಅಲ್ಲ. ತಪ್ಪು ಪಟ್ಟಿ ಹಾಕಿದರೆ ಪ್ರೋಟೀನ್‌ಗಳು ಅರ್ಧಕ್ಕೇ ನಿಂತುಹೋಗುತ್ತವೆ, ಆಗ ನಿಮ್ಮ ಗೈಡ್‌ಗೆ "ಸೀಕ್ವೆನ್ಸ್ ತಪ್ಪು" ಅನ್ನಲು ಇನ್ನೊಂದು ಕಾರಣ ಸಿಗುತ್ತದೆ.

ಟಿಆರ್‌ಎನ್‌ಎ ಹುಡುಕುವ ಪ್ರೋಗ್ರಾಂ ಕೊಡುವ ಅಂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಅದಕ್ಕೆ ಗೊತ್ತಿರುವುದು ಮಾಮೂಲಿ ಪತ್ರೆ. ಕೂಡದ ತೊಟ್ಟು ಕಂಡರೆ ಅಂಕ ಕಡಿಮೆ ಮಾಡುತ್ತದೆ. ಜೀನ್‌ನಲ್ಲಿ ಸಿ-ಸಿ-ಎ ಹುಡುಕಿ ನಿರಾಶರಾಗಬೇಡಿ, ಯೀಸ್ಟ್‌ನಲ್ಲಿ ಅದನ್ನು ಆಮೇಲೆ ಅಂಟಿಸುತ್ತಾರೆ.

ಪಂಕ್ಟೇಟಸ್‌ನ ಎಂಟಕ್ಕೂ ಎರಡೆರಡು ಚಿತ್ರ ಬಿಡಿಸಿ, ಎಡಗಡೆ ಜೀನ್ ಹೇಳುವ ಹಾಗೆ, ಬಲಗಡೆ ತಿದ್ದಿದ ಮೇಲೆ. ಬಲಗಡೆಯದಕ್ಕೆ 3' ಬದಿಯ ಅಕ್ಷರಗಳನ್ನೇ ನಂಬಿ, 5' ಬದಿಯನ್ನು ಅದಕ್ಕೆ ಹೊಂದಿಸಿ ಬರೆಯಿರಿ. ಆದರೆ ಅದು ಅಂದಾಜು ಅಂತ ಚಿತ್ರದ ಕೆಳಗೆ ಹಾಕಿ. ಆಮೇಲೆ 1997ರ ವರದಿಯಲ್ಲಿರುವ ಆರ್‌ಎನ್‌ಎ ಸೀಕ್ವೆನ್ಸ್ ಜೊತೆ ಇಟ್ಟು ತಾಳೆ ನೋಡಿ. ಲ್ಯಾಬ್‌ನಲ್ಲಿ ಮುಂದೆ ನೀವೇ ಮಾಡುವ ಅವಕಾಶ ಸಿಕ್ಕರೆ, ಟಿಆರ್‌ಎನ್‌ಎಯ ಎರಡು ತುದಿಗಳನ್ನು ಅಂಟಿಸಿ ಉಂಗುರ ಮಾಡಿ, ಆ ಗಂಟಿನ ಮೇಲೆ ಹಾಯುವ ಹಾಗೆ ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಹೆಚ್ಚಿಸುವ ವಿಧಾನ) ಮಾಡಿ. 5' ತುದಿಯೂ 3' ತುದಿಯೂ ಒಂದೇ ಸಲಕ್ಕೆ ಓದಲು ಸಿಗುತ್ತವೆ.

ಯೀಸ್ಟ್‌ನ ಕುಣಿಕೆಗೆ ಮಾತ್ರ ಎರಡನೇ ಚಿತ್ರ ಬೇಡ. ಅದು ಜೀನ್‌ನಲ್ಲೂ ಎಂಟು, ಆರ್‌ಎನ್‌ಎಯಲ್ಲೂ ಎಂಟು.